ಕಾಕಾ, ಕಾಕು, ಈ ಬೇಸಿಗೆ ದಾಟಿಸಿದ್ದಕ್ಕೆ

ಧಾರವಾಡಕ್ಕೆ ಮಳೆ ಹಿಡಿದಿದೆ. ಮಾಳಮಡ್ಡಿಯ ಈ ಮನೆಯಲ್ಲಿ ಕೆಳಗೆ ಮಾಲಕರಾದ ಕಾಕಾ-ಕಾಕು, ಹಿಂದಿನ ಭಾಗದಲ್ಲಿ ಒಂದು ಬಾಡಿಗೆ ಸಂಸಾರ, ಮೇಲೆ ಎರಡು. ಒಟ್ಟು 14 ಮಂದಿ, ಒಂದೇ ನಳ, ಒಂದೇ ಸಂಪು. ಹೀಗಿದ್ದೂ ಇಡೀ ಬೇಸಿಗೆಯಲ್ಲಿ ನೀರಿನ ಮಾತಿಗೆ ಯಾರ ದನಿಯೂ ಏರಲಿಲ್ಲ. ಅದಕ್ಕೆ ಕಾರಣರಾದವರಿಗೆ ಬಾಡಿಗೆಯ ಮೂರೂ ಮನೆಯವರು ಕೂಡಿ ಬರೆದ ಕೃತಜ್ಞತೆ ಇದು.

ಕಾಕಾ, ಮೊದಲು ನಿಮ್ಮ ಬಿದಿರು ಕೋಲಿಗೆ. ಸಂಪು 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳ. ಆ ಅಳತೆಗೆ ಒಂದು ಇಂಚು ನೀರೆಂದರೆ ಸುಮಾರು 70 ಲೀಟರ್. ಕೋಲಿನ ಮೇಲೆ ಇಂಚಿಗೊಂದು ಚಾಕುವಿನ ಗೀರು, ಅಡಿಗೊಂದು ಕೆಂಪು ಬಣ್ಣದ ಪಟ್ಟಿ. ತಳದ 6 ಇಂಚಿಗೆ ಗೀರೇ ಇಲ್ಲ, ಯಾಕಂದರೆ ಮೋಟರಿಗೆ ನೀರೆಳೆಯುವ ಪೈಪಿನ ಬಾಯಿ, ಫೂಟ್‌ವಾಲ್ವ್, ಅದರ ಮೇಲಿದೆ. ನೀರನ್ನು ಅದಕ್ಕಿಂತ ಕೆಳಗಿಳಿಸಿದರೆ ಮೋಟರ್ ರಾಡಿ ಎಳೆಯುತ್ತದೆ, ಇಲ್ಲವೆ ಗಾಳಿ ಹಿಡಿದು ಸೀಲು ಸುಟ್ಟುಕೊಳ್ಳುತ್ತದೆ. ಸಂಪಿನ 54 ಇಂಚು, ಮೇಲಿನ ನಾಲ್ಕು ಟಾಕಿ ತಲಾ 500 ಲೀಟರ್ ಸೇರಿ ಕೈಗೆ ಸಿಗುವುದು ಸುಮಾರು 5,800 ಲೀಟರ್. ನಳ ಆರು ದಿನಕ್ಕೊಮ್ಮೆ ಬಂದರೆ ತಲೆಗೆ ದಿನಕ್ಕೆ 69 ಲೀಟರ್, ಎಂಟು ದಿನವಾದರೆ 52. ಮುಂಜಾನೆ ಕೋಲು ಅದ್ದಿ, ಒದ್ದೆಯಾದ ಗೀರು ಎಣಿಸಿ, ಪಾಟಿಯ ಮೇಲೆ ಒಂದು ಅಂಕಿ ಬರೆದರೆ ಸಾಕು. ಅರಿವೆ ಒಗೆಯುವುದು ಇವತ್ತೋ ನಾಳೆಯೋ ಎಂದು ಯಾರಿಗೂ ಯಾರೂ ಹೇಳಬೇಕಾಗಲಿಲ್ಲ.

ಪ್ಲಂಬರ್ ಅಣ್ಣಾರಿಗೆ: ನಾಲ್ಕೂ ಮನೆಗೆ ಬೇರೆ ಬೇರೆ ಟಾಕಿ ಇರಬೇಕು ಎಂದು ಹಟ ಹಿಡಿದವರು ನೀವು. ಒಂದೇ ದೊಡ್ಡ ಟಾಕಿ ಇದ್ದಲ್ಲಿ ಕೆಳಗಿನ ಮನೆಯ ನಳಕ್ಕೆ ಒತ್ತಡ ಜಾಸ್ತಿ, ಮೇಲಿನವರಿಗೆ ಕಡಿಮೆ. ಒಬ್ಬರ ಫ್ಲಶ್ ಸೋರಿದರೆ ರಾತ್ರಿ ಕಳೆಯುವುದರೊಳಗೆ ಎಲ್ಲರ ನೀರೂ ಖಾಲಿ. ಸೋರಿಕೆ ಹುಡುಕಲು ನೀವು ಹೇಳಿಕೊಟ್ಟ ಉಪಾಯ ಎಲ್ಲರಿಗೂ ಬಳಕೆಗೆ ಬರುವಂಥದ್ದು. ಫ್ಲಶ್ ಡಬ್ಬಿಗೆ ಒಂದು ಚಮಚ ಅರಿಷಿಣ ಕದಡಿ 15 ನಿಮಿಷ ಬಿಡಬೇಕು. ಪಾಯಖಾನೆ ಬಟ್ಟಲಲ್ಲಿ ಹಳದಿ ಕಂಡರೆ ಒಳಗಿನ ವಾಷರ್ ಹೋಗಿದೆ. ಮೂರು ಟಾಕಿಗೆ, ತುಂಬಿದಾಗ ನೀರನ್ನು ತಾನೇ ನಿಲ್ಲಿಸುವ ತೇಲುಗುಂಡು ಹಾಕಿ, ಎಲ್ಲಕ್ಕಿಂತ ಎತ್ತರದ್ದಕ್ಕೆ ಹಾಕದೆ ಬಿಟ್ಟದ್ದೂ ಜಾಣತನವೇ. ನಾಲ್ಕೂ ಮುಚ್ಚಿಕೊಂಡರೆ ಮೋಟರಿನ ಒತ್ತಡಕ್ಕೆ ಪೈಪಿನ ಕೂಡು ಬಿಚ್ಚಬಹುದು. ಈಗ ಕೊನೆಯ ಟಾಕಿ ತುಂಬಿದ್ದು ಅಂಗಳದಲ್ಲಿ ಬೀಳುವ ನೀರಿನ ಸಪ್ಪಳದಿಂದಲೇ ಗೊತ್ತಾಗುತ್ತದೆ.

ನೀರು ಬಿಡುವ ಅಣ್ಣಾರೆ, ನಳ ಬರುವ ಹಿಂದಿನ ರಾತ್ರಿ ನೀವು ಕಳಿಸುವ ಒಂದು ಸಾಲಿನ ಮೆಸೇಜಿನ ಬೆಲೆ ಕಟ್ಟಲಾಗದು. ಸವದತ್ತಿಯ ರೇಣುಕಾಸಾಗರದಿಂದ ಎತ್ತಿ, ಅಮ್ಮಿನಭಾವಿಯಲ್ಲಿ ಶುದ್ಧ ಮಾಡಿ ಕಳಿಸುವ ನೀರು ಇದು. ನಡುವೆ ಎಲ್ಲಿ ಕರೆಂಟ್ ಹೋದರೂ, ಪೈಪ್ ಒಡೆದರೂ ಸರದಿ ಮುಂದೆ ಹೋಗುತ್ತದೆ. ಮೊದಲ ಹತ್ತು ನಿಮಿಷದ ಕೆಂಪು ನೀರನ್ನು ಸಂಪಿಗೆ ಬಿಡದೆ ಗಿಡಕ್ಕೆ ತಿರುಗಿಸುವುದು ನಿಮ್ಮಿಂದ ಬಂದ ರೂಢಿ. ನಳಕ್ಕೆ ನೇರ ಮೋಟರ್ ಹಚ್ಚಬೇಡಿ ಎಂದು ಓಣಿಗೆಲ್ಲ ತಿಳಿಸಿ ಹೇಳಿದವರೂ ನೀವೇ. ಹಾಗೆ ಎಳೆದರೆ ಮುಂದಿನ ಮನೆಗೆ ನೀರಿಲ್ಲ. ಅಷ್ಟೇ ಅಲ್ಲ, ಬಿರುಕು ಬಿಟ್ಟ ಪೈಪಿನೊಳಗೆ ಗಟಾರದ ನೀರೂ ಸೇರಿಕೊಂಡು ಬರುತ್ತದೆ.

ಎಲೆಕ್ಟ್ರಿಷಿಯನ್ ತಮ್ಮನಿಗೆ ವಿಶೇಷ ಧನ್ಯವಾದ. ಹಳೆ ಮನೆಯನ್ನು ಪಾಲು ಮಾಡಿ ನಾಲ್ಕು ಮೀಟರ್ ಕೂಡಿಸಿದಾಗ ಕರೆಂಟ್ ಮರಳಿ ಹೋಗುವ ನ್ಯೂಟ್ರಲ್ ತಂತಿ ಮಾತ್ರ ಒಂದೇ ಉಳಿದುಬಿಡುವುದು ಬಹಳ ಕಡೆ ಇದೆ. ಈಗಿನ ಮೀಟರುಗಳು ಕರೆಂಟ್ ತರುವ ಫೇಸ್, ನ್ಯೂಟ್ರಲ್ ಎರಡರಲ್ಲಿ ಯಾವುದರಲ್ಲಿ ಕರೆಂಟ್ ಹೆಚ್ಚು ಹರಿಯಿತೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ನ್ಯೂಟ್ರಲ್ ಕಲೆತಿದ್ದರೆ ಪಕ್ಕದವರ ಮಿಕ್ಸರಿನ ಯೂನಿಟ್ ನಮ್ಮ ಬಿಲ್ಲಿಗೆ ಬೀಳುತ್ತದೆ. ಮನೆಯೊಳಗಿನ ಎಲ್ಲ ಸ್ವಿಚ್ ಆರಿಸಿ ಮೀಟರಿನ ಕೆಂಪು ದೀಪ ನೋಡಬೇಕು. ಆಗಲೂ ಮಿಣುಕುತ್ತಿದ್ದರೆ ತಂತಿ ಕಲೆತಿದೆ ಎಂದು ಅನುಮಾನಿಸಿ. ನೀನು ನಾಲ್ಕು ನ್ಯೂಟ್ರಲ್ ಬೇರೆ ಮಾಡಿದ ಮೇಲೆ ಬಿಲ್ಲಿನ ಸಂಶಯಗಳೆಲ್ಲ ಹೋದವು. ಮೋಟರಿನದಂತೂ ದೊಡ್ಡ ಮಾತೇ ಅಲ್ಲ: ಅರ್ಧ ಎಚ್‌ಪಿ ಮೋಟರ್ ತಾಸಿಗೆ ಅರ್ಧ ಯೂನಿಟ್ ತಿನ್ನುತ್ತದೆ, ತಿಂಗಳಿಗೆ ಹತ್ತು ಯೂನಿಟ್ಟಿನ ಆಸುಪಾಸು, ಅದೂ ನಾಲ್ಕು ಪಾಲು.

ಬೇರೆ ಮೀಟರಿಗೆ ಹೆಸ್ಕಾಂ ಕಚೇರಿಗೆ ಓಡಾಡಿದವರು ಕಾಕಾ. ಒಂದೇ ಮೀಟರಿನಲ್ಲಿ ನಾಲ್ಕು ಮನೆ ಇದ್ದರೆ 200 ಯೂನಿಟ್ ದಾಟುವುದು ಖಂಡಿತ, ದಾಟಿದರೆ ಗೃಹಜ್ಯೋತಿಯ ಉಚಿತ ಕರೆಂಟ್ ಇಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಬಾಡಿಗೆ ಕರಾರುಪತ್ರ, ಆಧಾರ್ ಕೊಟ್ಟು ಬಾಡಿಗೆಯವರು ತಮ್ಮ ಹೆಸರಲ್ಲೇ ಗೃಹಜ್ಯೋತಿಗೆ ಅರ್ಜಿ ಹಾಕಬಹುದು ಎಂದು ನಮ್ಮನ್ನು ಕೂಡಿಸಿ ಮಾಡಿಸಿದಿರಿ. ಮನೆ ಬಿಡುವವರು ಆಧಾರ್ ಜೋಡಣೆ ತೆಗೆಸಿಯೇ ಕೀಲಿ ಕೊಡಬೇಕು ಎಂಬ ನಿಮ್ಮ ಮಾತು ಮುಂದಿನವರಿಗೂ ಒಳ್ಳೆಯದು.

ಕಾಕು, ನಿಮಗೆ ಏನು ಹೇಳುವುದು? 11 ತಿಂಗಳ ಕರಾರು ಮುಗಿಯುವ ಮೊದಲೇ ಕರೆದು ಮುಂದಿನ ಬಾಡಿಗೆ ಮಾತಾಡಿದಿರಿ, ಡಿಪಾಜಿಟ್ ಎಷ್ಟಿದೆ ಎಂದು ನಿಮ್ಮ ವಹಿಯಲ್ಲಿ ನಮ್ಮ ಸಹಿಯನ್ನೂ ಹಾಕಿಸಿದಿರಿ. ಮೇಲಿನ ಮನೆಯಲ್ಲಿ ನಸುಕಿಗೆ ರೊಟ್ಟಿ ಬಡಿಯುವ ಸಪ್ಪಳ ಕೆಳಗೆ ಮಲಗಿದವರ ತಲೆಮೇಲೇ ಬೀಳುತ್ತಿತ್ತು. ಬಡಿಯಬೇಡಿ ಅನ್ನಲಿಲ್ಲ ನೀವು. ಹಲಗೆಯ ಕೆಳಗೆ ಗೋಣಿಚೀಲ ನಾಲ್ಕು ಮಡಿಕೆ ಹಾಕಿಕೊಳ್ರಿ ಅಂದು ಚೀಲವನ್ನೂ ನೀವೇ ಕೊಟ್ಟಿರಿ.

ಹೊಸ ಮಳೆನೀರಿಗೆ ಮೊದಲು ಸಂಪು ತೊಳೆಯುವುದಿದೆ. ಗೋಡೆ ಉಜ್ಜಿ, ರಾಡಿ ತೆಗೆದು, ತುಂಬಿದ ಮೇಲೆ 10 ಗ್ರಾಂ ಬ್ಲೀಚಿಂಗ್ ಪೌಡರ್ ಬಕೀಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿದು ಒಂದು ತಾಸು ಬಿಡಬೇಕು. ಕಾಕಾ, ಈ ಸಲ ನೀವು ಸಂಪಿನಲ್ಲಿ ಇಳಿಯುವುದು ಬೇಡ. ರವಿವಾರ ನಾವೇ ಇಳಿಯುತ್ತೇವೆ.