ಹೆಬ್ಬೆರಳು ಬಂದರೆ ಪಾಠ ಅರ್ಥವಾಯಿತೆಂದಲ್ಲ

ಮಾನ್ಯ ಸಂಪಾದಕರೇ,

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಾಡಿಕೊಂಡ ವಾಟ್ಸ್‌ಆ್ಯಪ್ ಗುಂಪುಗಳು ಶಾಲೆ ತೆರೆದ ಮೇಲೂ ಉಳಿದುಕೊಂಡಿವೆ. ಮನೆಗೆಲಸ, ಕಿರುಪರೀಕ್ಷೆಯ ಸೂಚನೆ, ಮಕ್ಕಳ ಸಂದೇಹ ಎಲ್ಲವೂ ಅಲ್ಲಿಯೇ ನಡೆಯುತ್ತಿದ್ದು, ಮಾತಿನ ಬಹುಪಾಲನ್ನು ಎಮೋಜಿಗಳೇ ಆಡುತ್ತಿವೆ ಎಂಬುದು ಹತ್ತನೇ ತರಗತಿಗೆ ಗಣಿತ ಕಲಿಸುವ ನನ್ನ ಗಮನಕ್ಕೆ ಬಂದದ್ದು ತಡವಾಗಿ.

ಕಳೆದ ತಿಂಗಳು ತ್ರಿಕೋನಮಿತಿಯ ಲೆಕ್ಕವೊಂದನ್ನು ಬಿಡಿಸಿ, ಫೋಟೊ ತೆಗೆದು ಗುಂಪಿಗೆ ಹಾಕಿ, 'ಅರ್ಥವಾಯಿತೇ?' ಎಂದು ಕೇಳಿದ್ದೆ. ಹತ್ತು ನಿಮಿಷದೊಳಗೆ ಮೂವತ್ತಕ್ಕೂ ಹೆಚ್ಚು ಹೆಬ್ಬೆರಳುಗಳು ಬಂದವು. ಒಬ್ಬ ಹುಡುಗಿ ಮಾತ್ರ ಕೈಮುಗಿದ ಚಿತ್ರ ಕಳಿಸಿದ್ದಳು. ಧನ್ಯವಾದ ಹೇಳುತ್ತಿದ್ದಾಳೆಂದು ತಿಳಿದು ಹೃದಯದ ಚಿತ್ರ ಒತ್ತಿ ಸುಮ್ಮನಾದೆ. ಮರುದಿನ ಅದೇ ಬಗೆಯ ಲೆಕ್ಕ ಕೊಟ್ಟರೆ ಸರಿಯಾಗಿ ಬಿಡಿಸಿದವರು ಆರೇ ಮಂದಿ. ಆ ಹುಡುಗಿಯನ್ನು ಕರೆದು ವಿಚಾರಿಸಿದಾಗ, 'ಇನ್ನೊಂದ್ಸಲ ಹೇಳ್ಕೊಡಿ ಮಿಸ್ ಅಂತ ಕೈ ಮುಗ್ದಿದ್ದೆ. ನೀವು ಹಾರ್ಟ್ ಹಾಕಿದ್ರಿ, ಮತ್ತೆ ಕೇಳೋಕೆ ಹೆದ್ರಿಕೆ ಆಯ್ತು' ಎಂದಳು. ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.

ಜಪಾನಿನಿಂದ ಬಂದ ಆ ಕೈಮುಗಿದ ಚಿತ್ರ ಅಲ್ಲಿ ವಿನಂತಿಗೂ ಕೃತಜ್ಞತೆಗೂ ಸಲ್ಲುತ್ತದೆ. ನಮ್ಮಲ್ಲಿ ಅದಕ್ಕೆ ನಮಸ್ಕಾರ, ಪ್ರಾರ್ಥನೆ, ಕ್ಷಮೆ, ಸಂತಾಪವೂ ಸೇರಿಕೊಂಡಿವೆ. ಹೆಬ್ಬೆರಳೂ ಹಾಗೆಯೇ. ಕೆನಡಾದ ರೈತರೊಬ್ಬರು ಅಗಸೆ ಮಾರಾಟದ ಕರಾರಿನ ಫೋಟೊಗೆ ಉತ್ತರವಾಗಿ ಹೆಬ್ಬೆರಳು ಕಳಿಸಿ, ಕರಾರು ಕೈಸೇರಿತು ಎಂದಷ್ಟೇ ಅದರ ಅರ್ಥವೆಂದು ವಾದಿಸಿದರೂ, 2023ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ಒಪ್ಪಿಗೆಯೆಂದೇ ಪರಿಗಣಿಸಿತು. ಆ ರೈತರು ಹೇಳಿದಂತೆಯೇ ನಮ್ಮ ಮಕ್ಕಳ ಹೆಬ್ಬೆರಳೂ 'ನೋಡಿದೆ ಮಿಸ್' ಎಂಬ ಹಾಜರಿಯೇ ಹೊರತು ಬೇರೇನೂ ಅಲ್ಲ. ತರಗತಿಯಲ್ಲಿ ಒಕ್ಕೊರಲಿನಿಂದ 'ಹೂಂ ಮಿಸ್' ಎಂದಾಗಲಾದರೂ ಹಿಂದಿನ ಬೆಂಚಿನ ಮುಖ ಕಾಣುತ್ತದೆ.

ತಪ್ಪು ನಮ್ಮದೂ ಇದೆ. ಮಗು ರಾತ್ರಿ ಕುಳಿತು ಬಿಡಿಸಿದ ಲೆಕ್ಕದ ಫೋಟೊಗೆ ನಾವು ಹೆಬ್ಬೆರಳು ಒತ್ತಿದರೆ, ಅದು 'ಸರಿಯಿದೆ' ಎಂದೋ 'ನೋಡಿದೆ' ಎಂದೋ ಮಗುವಿಗೆ ತಿಳಿಯುವುದು ಹೇಗೆ? ಇನ್ನು ತಪ್ಪು ಉತ್ತರದ ಕೆಳಗೆ ಸಹಪಾಠಿಗಳು ಒತ್ತುವ ನಗುವಿನ ಚಿತ್ರಗಳನ್ನಂತೂ ಶಿಕ್ಷಕರು ಕಂಡೂ ಕಾಣದಂತೆ ಬಿಡಲೇಬಾರದು. ಹಾಗೆ ನಗೆಪಾಟಲಾದ ಮಗು ಮತ್ತೆ ಗುಂಪಿನಲ್ಲಿ ಉತ್ತರ ಹಾಕುವುದಿಲ್ಲ.

ಈಗ ನಾನು 'ಅರ್ಥವಾಯಿತೇ?' ಎಂದು ಕೇಳುವುದನ್ನು ಬಿಟ್ಟು, 'ಯಾವ ಹಂತದಲ್ಲಿ ತೊಡಕಾಯಿತು, ಒಂದು ಸಾಲು ಬರೆಯಿರಿ. ಬೇಕಿದ್ದರೆ ನನಗೊಬ್ಬಳಿಗೇ ಕಳಿಸಿ' ಎನ್ನುತ್ತೇನೆ. ಸಹೋದ್ಯೋಗಿಗಳೂ ಹೀಗೆ ಕೇಳಿ ನೋಡಬೇಕೆಂದು ಕೋರುತ್ತೇನೆ.

– ಪ್ರೌಢಶಾಲಾ ಶಿಕ್ಷಕಿ, ಹಾಸನ ಜಿಲ್ಲೆ