ಹಳೇ ನಾಣ್ಯ ತಿಕ್ಕಬೇಡಿ

ಸಂಪಾದಕರೇ,

ಹಳೇ ನಾಣ್ಯ ಸಿಕ್ಕಿದ ತಕ್ಷಣ ಪುಡಿ ಹಾಕಿ ತಿಕ್ಕಿ ಫಳಫಳ ಮಾಡುವವರಿಗೆ ಒಂದು ಮಾತು. ದಯವಿಟ್ಟು ಸುಮ್ನೆ ಬಿಡಿ! ಅಪರೂಪದ ನಾಣ್ಯಕ್ಕೆ ಗ್ರೇಡ್, ಅಂದರೆ ಅದು ಎಷ್ಟು ಚೆನ್ನಾಗಿ ಉಳಿದಿದೆ ಅನ್ನುವ ಅಂಕ, ಬಹಳ ಮುಖ್ಯ. 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೇ ದೊಡ್ಡ ಸೆಂಟ್ ನಾಣ್ಯಗಳಿಗೆಂದು ಮಾಡಿದ 1ರಿಂದ 70ರ ಅಳತೆಯೇ ಈಗ ಬಹಳ ಕಡೆ ನಡೆಯುತ್ತಿದೆ. ಅದರಲ್ಲಿ 60 ಮುಟ್ಟಬೇಕಾದರೂ ನಾಣ್ಯ ಚಲಾವಣೆಯಲ್ಲಿ ಸವೆದಿರಬಾರದು. ಟಂಕಸಾಲೆಯ ಹೊಳಪು ಉಳಿದಿದ್ದರೆ, ದೀಪದಡಿ ಓರೆ ಮಾಡಿ ತಿರುಗಿಸಿದಾಗ ಬೆಳಕು ಗಾಲಿಯ ಕಡ್ಡಿಗಳ ಹಾಗೆ ಸುತ್ತುತ್ತದೆ. ತಿಕ್ಕಿದ್ದರಲ್ಲಿ ಬರೀ ಕೂದಲೆಳೆಯಂಥ ಗೀರುಗಳು. ನಾನೂ ಒಂದನ್ನು ಹೀಗೆ ಹಾಳು ಮಾಡಿದವನೇ, ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಪಿವಿಸಿ ಕವರ್ ಕೂಡ ಬೇಡ, ವರ್ಷ ಕಳೆದಂತೆ ಹಸಿರು ಅಂಟು ಹತ್ತುತ್ತದೆ. ಸವೆದ ಹತ್ತರ ಬದಲು ಚೆನ್ನಾಗಿರುವ ಒಂದು ಸಾಕಲ್ವಾ? ಅದನ್ನೂ ಅಂಚಿನಲ್ಲೇ ಹಿಡಿಯಿರಿ.

– ಒಬ್ಬ ನಾಣ್ಯ ಸಂಗ್ರಾಹಕ