ಮಂಗಳವಾರದ ಡಾಕ್ಟರು ಚರ್ಮದ ವಿಭಾಗದಲ್ಲೇ ಕೂರಲಿ

ಮಾನ್ಯ ಸಂಪಾದಕರಿಗೆ,

ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ, ಸರ್ಕಾರಿ ಆಸ್ಪತ್ರೆಯ ಗೇಟಿನ ಎದುರಿಗೇ ನನ್ನ ಮೆಡಿಕಲ್ ಸ್ಟೋರ್ ಇದೆ. ಯಾರ ಗುರುತೂ ಸಿಗಬಾರದೆಂದು ಊರಿನ ಹೆಸರು ಬರೆಯುತ್ತಿಲ್ಲ. ತುರಿಕೆಗೆ ಮುಲಾಮು ಕೇಳಿಕೊಂಡು ದಿನವೂ ಜನ ಬರುತ್ತಾರೆ. ಅವರ ನಡುವೆ ಆಗೊಬ್ಬರು ಈಗೊಬ್ಬರು, "ಮೈ ಮೇಲೆ ಹುಳ ಹರಿದಾಡ್ತಾವೆ, ಅವು ಸಾಯೋ ಹಂಗೆ ಏನಾದ್ರೂ ಕೊಡಿ" ಅನ್ನುತ್ತಾರೆ. ನೋಡಿದರೆ ಹುಳವೂ ಇಲ್ಲ, ಗುಳ್ಳೆಯೂ ಇಲ್ಲ, ಉಗುರಿನಿಂದ ಕೆರೆದುಕೊಂಡ ಗಾಯಗಳಷ್ಟೇ. ಇಂಥವರಿಗೆ ಚಿಕಿತ್ಸೆ ಇದೆ. ಅಲ್ಲಿಗೆ ತಲುಪಿಸುವ ವ್ಯವಸ್ಥೆ ಇಲ್ಲ ಅನ್ನುವುದಕ್ಕೇ ಈ ಪತ್ರ.

ನಿವೃತ್ತ ಟೀಚರಮ್ಮ ಒಬ್ಬರು ಶುಗರ್ ಮಾತ್ರೆಗೆ ನನ್ನ ಅಂಗಡಿಗೇ ಬರುವವರು. ಅವತ್ತು ಪರ್ಸಿನಿಂದ ಬೆಂಕಿಪೊಟ್ಟಣ ತೆಗೆದು, ಹಳೇ ಚೀಟಿಯೊಂದರ ಬೆನ್ನಿನ ಮೇಲೆ ಮೆಲ್ಲಗೆ ಸುರಿದರು. "ನೋಡಪ್ಪ, ಇವತ್ತು ಸಿಕ್ಕಿಬಿದ್ದಾವೆ. ಕರೀದೊಂದು, ಬಿಳೀವು ಎರಡು." ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದೆ: ಸೀರೆಯ ನೂಲಿನ ಎಳೆ, ಒಣಗಿದ ಗಾಯದ ಹಕ್ಕಳೆ, ಒಂದು ಚೂರು ರಾಗಿ ಹೊಟ್ಟು. ಬೇವಿನ ಸೊಪ್ಪಿನ ಸ್ನಾನ ಆಗಿತ್ತು, ಹಾಸಿಗೆ ಬಟ್ಟೆಯನ್ನೆಲ್ಲ ಕುದಿಸಿದ್ದಾಗಿತ್ತು, ಸೀಮೆಎಣ್ಣೆಯೂ ಆಗಿತ್ತು. ಈಗ ದನಗಳ ಉಣ್ಣೆಗೆ ಹಾಕುವ ಔಷಧಿ ತಂದಿಟ್ಟುಕೊಂಡಿದ್ದರು, ಎಷ್ಟು ನೀರಿಗೆ ಬೆರೆಸಬೇಕು ಅಂತ ಕೇಳೋಕೆ ಬಂದಿದ್ದರು.

ಆ ಔಷಧಿಯಲ್ಲಿ ಇರುವುದು ಸಾಮಾನ್ಯವಾಗಿ ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್. ಅದು ಮನುಷ್ಯರ ಚರ್ಮಕ್ಕೆ ತಗುಲಿದರೆ ಉರಿ, ಜುಮುಜುಮು ಶುರುವಾಗುತ್ತದೆ. ಅಂದರೆ ಹುಳ ಹರಿದಂತಾಗುತ್ತದೆ ಅಂತ ಹಚ್ಚಿಕೊಂಡವರಿಗೆ ಇನ್ನೂ ನಾಲ್ಕು ಹುಳ ಹರಿದಂತಾಗುತ್ತದೆ. ಸ್ವಲ್ಪ ಜೋರಾಗಿಯೇ "ಬೇಡ" ಅಂದೆ.

ಹೀಗೆ ಇಲ್ಲದ ಹುಳ ಮೈ ಮೇಲಿದೆ ಅಂತ ನಂಬುವುದು ನಮ್ಮೂರಿಗೆ ಬಂದ ಹೊಸ ಕಾಯಿಲೆಯಲ್ಲ. ಸ್ವೀಡನ್ನಿನ ನರರೋಗ ವೈದ್ಯ ಎಕ್ಬೊಮ್ 1938ರಲ್ಲೇ ಇಂಥ ರೋಗಿಗಳ ಬಗ್ಗೆ ಬರೆದಿದ್ದಾರೆ. ಹೀಗೆ ಪೊಟ್ಟಣದಲ್ಲಿ 'ಹುಳ' ಹಿಡಿದು ತರುವುದು ವೈದ್ಯರಿಗೆಲ್ಲ ಗೊತ್ತಿರುವ ಲಕ್ಷಣ. ಆದರೂ ಡಬ್ಬಿ ಬಿಚ್ಚುವ ಮೊದಲೇ ನಗುವವರಿದ್ದಾರೆ, ಬಿಳಿ ಕೋಟು ಹಾಕಿದವರೂ ಸೇರಿ.

ಮೊದಲು ನಿಜವಾದ ಕಜ್ಜಿ ಅಲ್ಲ ಅಂತ ಖಾತ್ರಿಯಾಗಬೇಕು. ರಾತ್ರಿ ಹೊತ್ತು ತುರಿಕೆ ಜಾಸ್ತಿ, ಬೆರಳ ಸಂದಿಯಲ್ಲಿ ಗುಳ್ಳೆ, ಮನೆಯವರಿಗೂ ತುರಿಕೆ ಇದ್ದರೆ ಅದು ಕಜ್ಜಿಯೇ. ಪರ್ಮೆಥ್ರಿನ್ ಕ್ರೀಮನ್ನು ಮನೆಮಂದಿಯೆಲ್ಲ ಒಟ್ಟಿಗೆ ಹಚ್ಚಿಕೊಂಡು, ವಾರ ಬಿಟ್ಟು ಇನ್ನೊಮ್ಮೆ ಹಚ್ಚಿದರೆ ಹೋಗುತ್ತದೆ. ಅದಕ್ಕೆ ಸ್ಟಿರಾಯ್ಡ್ ಕ್ರೀಮ್ ಮೆತ್ತಿದರೆ ತುರಿಕೆ ಒಂದಿಷ್ಟು ದಿನ ಅಡಗಿ, ಒಳಗೆ ಹುಳ ಹೆಚ್ಚುತ್ತದೆ. ಇಂಥ 14 ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಆದೇಶವಾಗಿದೆ. ಎಷ್ಟು ಅಂಗಡಿಯವರು ಪಾಲಿಸುತ್ತಾರೆ ಅನ್ನುವುದನ್ನು ನನ್ನ ಬಾಯಲ್ಲೇ ಹೇಳಿಸಬೇಡಿ.

ಕಜ್ಜಿ ಅಲ್ಲದಿದ್ದರೆ ರಕ್ತ ಪರೀಕ್ಷೆ ಆಗಬೇಕು. ಶುಗರ್, ಥೈರಾಯ್ಡ್, ಕಿಡ್ನಿ, ಕಬ್ಬಿಣದ ಅಂಶ, ವಿಟಮಿನ್ ಬಿ12. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಟೀಚರಮ್ಮ ವರ್ಷಗಟ್ಟಲೆ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದವರು. ಆ ಮಾತ್ರೆ ದೀರ್ಘಕಾಲ ತಗೊಂಡರೆ ಬಿ12 ಇಳಿಯುವುದುಂಟು. ಮೇಲಾಗಿ ಅವರು ಪೂರ್ತಿ ಸಸ್ಯಾಹಾರಿ, ಮೊಸರೂ ಅಷ್ಟಕ್ಕಷ್ಟೆ. ಪರೀಕ್ಷೆ ಮಾಡಿಸಿದಾಗ ಬಿ12 ತೀರಾ ಕೆಳಗಿತ್ತು.

ಕುಡಿತದ ಕಥೆ ಬೇರೆಯೇ. ದಿನವೂ ಕುಡಿಯುವವನು ಒಮ್ಮೆಗೇ ಬಿಟ್ಟರೆ ಎರಡು ಮೂರನೇ ದಿನಕ್ಕೆ ಕೈ ನಡುಗಿ, ಬೆವತು, ಗೋಡೆಯ ಮೇಲೆ, ಮೈ ಮೇಲೆ ಇರುವೆ ಸಾಲು ಕಂಡು ಕೊಡವಿಕೊಳ್ಳುತ್ತಾನೆ. 2020ರ ಲಾಕ್‌ಡೌನ್‌ನಲ್ಲಿ ಬಾರುಗಳು ಮುಚ್ಚಿದಾಗ ನಮ್ಮ ಬೀದಿಯ ಗಾರೆ ಕೆಲಸದವನೊಬ್ಬನಿಗೆ ಹೀಗಾಯಿತು. ಮನೆಯವರು ಗಾಳಿ ಸೋಕಿದೆ ಅಂತ ನಿಂಬೆಹಣ್ಣು ನಿವಾಳಿಸುತ್ತಿದ್ದರು. ಇದು ಪ್ರಾಣಕ್ಕೇ ಕುತ್ತು ತರುವ ಸ್ಥಿತಿ, ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಆಟೊ ಸಿಗದೆ ಗೂಡ್ಸ್ ಗಾಡಿಯಲ್ಲಿ ಕರೆದೊಯ್ದೆವು, ಉಳಿದುಕೊಂಡ.

ಟೀಚರಮ್ಮನ ವಿಷಯದಲ್ಲಿ ಬಿ12 ಇಂಜೆಕ್ಷನ್ ಒಂದರಿಂದಲೇ ಮುಗಿಯಲಿಲ್ಲ. ಹುಳ ಇದೆ ಅನ್ನುವ ನಂಬಿಕೆ ಬೇರು ಬಿಟ್ಟಿತ್ತು. ಅದಕ್ಕೆ ಕಡಿಮೆ ಪ್ರಮಾಣದ ರಿಸ್ಪೆರಿಡೋನ್‌ನಂಥ ಮಾತ್ರೆ ಬೇಕು, ಬರೆಯಬೇಕಾದವರು ಮನೋವೈದ್ಯರು. ಆಸ್ಪತ್ರೆಯಲ್ಲಿ ಚೀಟಿ ಕೊಟ್ಟು "ಮೇಲಿನ ರೂಮಿಗೆ ಹೋಗಿ" ಅಂದರಂತೆ. ಬಾಗಿಲ ಮೇಲಿನ ಬೋರ್ಡು ಓದಿದವರೇ ತಿರುಗಿ ನನ್ನ ಅಂಗಡಿಗೆ ಬಂದು, "ನಂಗೇನು ಹುಚ್ಚಾ? ನಲವತ್ತು ಮಕ್ಕಳ ಕ್ಲಾಸು ಸಂಭಾಳಿಸಿದೋಳು ನಾನು" ಅಂದರು. ಮಗಳು ತುಮಕೂರಿನಿಂದ ಬಂದು, "ಆ ಡಾಕ್ಟ್ರು ನರಕ್ಕೂ ನೋಡ್ತಾರಮ್ಮ, ನಿದ್ದೆಗಾದ್ರೂ ಔಷಧಿ ಕೇಳೋಣ" ಅಂತ ಒಪ್ಪಿಸಿ ಕರೆದುಕೊಂಡು ಹೋಗುವಷ್ಟರಲ್ಲಿ ತಿಂಗಳುಗಳೇ ಉರುಳಿದವು. ಈಗ ಕೈ ಗಾಯ ಮಾಯ್ದಿದೆ. "ಒಳ್ಳೇ ಮಾತ್ರೆ ಕಣಪ್ಪ, ಹುಳ ಎಲ್ಲ ಸತ್ತೋದ್ವು" ಅನ್ನುತ್ತಾರೆ. ನಾನು ಹೂಂ ಅಂತೀನಿ. ವಾದ ಮಾಡಿ ಆಗಬೇಕಾದ್ದೇನೂ ಇಲ್ಲ, ಮಾತ್ರೆ ತಪ್ಪಿಸದಿದ್ದರೆ ಸಾಕು.

ರಾಜ್ಯದಲ್ಲಿ 'ಮನೋಚೈತನ್ಯ' ಯೋಜನೆಯಡಿ ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡು ಈಗಾಗಲೇ ಇದೆ. ಒಳ್ಳೆಯ ಯೋಜನೆ. ನನ್ನ ಬೇಡಿಕೆ ಇಷ್ಟೆ: ಅವತ್ತು ಒಂದು ಗಂಟೆಯಾದರೂ ಅವರು ಚರ್ಮದ ವೈದ್ಯರ ಕೊಠಡಿಯಲ್ಲೇ, ಪಕ್ಕದ ಕುರ್ಚಿಯಲ್ಲಿ ಕೂರಲಿ. ಇಬ್ಬರೂ ಸೇರಿ ನೋಡಿದರೆ ರೋಗಿಯನ್ನು 'ಕಳುಹಿಸುವ' ಪ್ರಮೇಯವೇ ಬರುವುದಿಲ್ಲ, ಬೋರ್ಡು ಓದಿ ವಾಪಸಾಗುವುದೂ ತಪ್ಪುತ್ತದೆ. ಹೊಸ ಹುದ್ದೆ ಬೇಡ, ಕಟ್ಟಡ ಬೇಡ. ಜಿಲ್ಲಾ ಆರೋಗ್ಯಾಧಿಕಾರಿಗಳ ಒಂದು ಸುತ್ತೋಲೆ ಸಾಕು. ಅಲ್ಲಿಯವರೆಗೆ ಇಂಥವರ ಮನೆಯವರು 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇತಿ,
ಒಬ್ಬ ಔಷಧ ವ್ಯಾಪಾರಿ, ತುಮಕೂರು ಜಿಲ್ಲೆ